ಹಳೇ ಸ್ಟಾರ್ ಆಟಗಾರನನ್ನು ಕೋಚ್ ಮಾಡಿದರೆ ಲಾಭ ಇದೆಯಾ? ಮಸ್ಕೆರಾನೊ ಗೆದ್ದ, ರೂನಿ ಯಾಕೆ ಮುಗ್ಗರಿಸಿದ?

ಎಡಗಾಲಿನವ ಕೇಳಿದ್ದು:

ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆ, ನೀವೇ ಪಂಚಾಯಿತಿ ಮಾಡಬೇಕು. ನನ್ನ ಭಾವಮೈದ ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್ ನೋಡೋಕೆ ಶುರು ಮಾಡಿದ್ದೇ ಮೆಸ್ಸಿ ಮಯಾಮಿಗೆ ಹೋದ ಮೇಲೆ. ನಾನು ಅದಕ್ಕೂ ಮುಂಚಿನವನು, ಇಂಗ್ಲೆಂಡ್‌ನ ರೂನಿ ವಾಷಿಂಗ್ಟನ್‌ನ ಡಿಸಿ ಯುನೈಟೆಡ್‌ಗೆ ಆಡುತ್ತಿದ್ದಾಗಿನಿಂದ ಅಲ್ಲಲ್ಲಿ ಹೈಲೈಟ್ಸ್ ನೋಡಿಕೊಂಡು ಬಂದವನು. 2025ರ ಡಿಸೆಂಬರ್ 6ರ ಫೈನಲ್‌ನಲ್ಲಿ ಇಂಟರ್ ಮಯಾಮಿ ವ್ಯಾಂಕೂವರ್ ತಂಡವನ್ನು 3-1ರಿಂದ ಸೋಲಿಸಿ ಮೊದಲ ಸಲ ಎಂಎಲ್‌ಎಸ್ ಕಪ್ ಎತ್ತಿತಲ್ಲ, ಅದನ್ನು ಇಬ್ಬರೂ ನಿದ್ದೆಗೆಟ್ಟು ನೋಡಿದೆವು. ಅವತ್ತಿನಿಂದ ಇವನದ್ದು ಒಂದೇ ರಾಗ. "ನೋಡಿದ್ರಾ ಭಾವ, ಕೋಚ್ ಅಂದರೆ ಹೀಗಿರಬೇಕು. ದೊಡ್ಡ ಆಟಗಾರರು ಕೇಳೋದು ದೊಡ್ಡ ಆಟಗಾರನ ಮಾತು ಮಾತ್ರ."

ನನಗೆ ಇದು ಗಂಟಲಲ್ಲಿ ಇಳಿಯುತ್ತಿಲ್ಲ. 2024ರ ನವೆಂಬರ್‌ನಲ್ಲಿ ಮಯಾಮಿಯವರು ಕರೆಸಿಕೊಂಡಾಗ ಈ ಮಸ್ಕೆರಾನೊ, ಬಾರ್ಸಿಲೋನಾದಲ್ಲಿ ಮೆಸ್ಸಿ ಜೊತೆ ಆಡಿದ ಅರ್ಜೆಂಟಿನಾದವನು, ಒಂದೇ ಒಂದು ಕ್ಲಬ್‌ಗೂ ಕೋಚ್ ಆಗಿರಲಿಲ್ಲ. ಅರ್ಜೆಂಟಿನಾದ 20 ವರ್ಷದೊಳಗಿನ ತಂಡ, ಆಮೇಲೆ ಪ್ಯಾರಿಸ್ ಒಲಿಂಪಿಕ್ಸ್ ತಂಡ, ಅಷ್ಟೇ ಅನುಭವ. ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ಗೇ ಫ್ರಾನ್ಸ್ ಎದುರು 1-0ರಿಂದ ಸೋತು ಮನೆಗೆ ಬಂದಿದ್ದರು. ಅವನಿಗಿಂತ ಹಿಂದೆ ಕೋಚ್ ಆಗಿದ್ದ ಟಾಟಾ ಮಾರ್ಟಿನೊ 74 ಪಾಯಿಂಟ್ ಗಳಿಸಿ ಲೀಗ್ ದಾಖಲೆ ಮಾಡಿ ಹೋಗಿದ್ದ. ಮೆಸ್ಸಿ, ಸುವಾರೆಜ್, ಬುಸ್ಕೆಟ್ಸ್, ಆಲ್ಬಾ ಎಲ್ಲಾ ರೆಡಿ ಇದ್ದರು. ಅಂಥ ತಂಡಕ್ಕೆ ನಮ್ಮ ಬೀದಿ ಹಾಲಿನವನನ್ನು ಕೋಚ್ ಮಾಡಿದ್ದರೂ ಏನಾದರೊಂದು ಗೆಲ್ಲುತ್ತಿದ್ದ, ಅಲ್ವಾ?

ಇನ್ನೊಂದು ಕಡೆ ರೂನಿ. ಆಟಗಾರನಾಗಿ ಅದೇ ಊರಿನಲ್ಲಿ ಮೆರೆದವನು, ಕೋಚ್ ಆಗಿ ಅದೇ ಊರಿಗೆ ಬಂದ, ತಂಡ ಕೊನೆಯ ಸ್ಥಾನ. ಹಾಗಾದರೆ ಹೆಸರಿಗೆ ಏನಾದರೂ ಬೆಲೆ ಇದೆಯಾ? ಅಥವಾ ಇದೆಲ್ಲ ಟಿಕೆಟ್ ಮಾರೋಕೆ ಮಾಡೋ ಕೆಲಸನಾ? ಅಲ್ಲಿನ ಲೀಗ್ ಹತ್ತಿರದಿಂದ ನೋಡಿದವರು ಇದ್ದರೆ ದಯವಿಟ್ಟು ಬರೆಯಿರಿ. ಭಾವಮೈದನಿಗೆ ಓದಿ ಹೇಳಬೇಕು.

ಪೊಟೊಮ್ಯಾಕ್ ದಡ ಬರೆದದ್ದು:

ನಾನು ವರ್ಜೀನಿಯಾದಲ್ಲಿರೋದು, ಡಿಸಿ ಯುನೈಟೆಡ್ ಅಭಿಮಾನಿ. ಪಾಪ ಅನ್ನಬೇಡಿ, ಅಭ್ಯಾಸ ಆಗಿದೆ.

ರೂನಿ ವಿಷಯದಲ್ಲಿ ಒಂದು ತಿದ್ದುಪಡಿ. ಅವನು ಬಂದಿದ್ದರಿಂದ ತಂಡ ಕೊನೆಗೆ ಬಿದ್ದಿದ್ದಲ್ಲ, ಬೀಳುತ್ತಾ ಇದ್ದ ತಂಡವನ್ನು ಅವನ ಕೈಗೆ ಕೊಟ್ಟರು. 2022ರ ಜುಲೈ 8ಕ್ಕೆ ಫಿಲಡೆಲ್ಫಿಯಾದಲ್ಲಿ ನಾವು 7-0 ಸೋತಿದ್ದೆವು. ಏಳು! ಅದಾಗಿ ನಾಲ್ಕೇ ದಿನಕ್ಕೆ ರೂನಿ ಕೋಚ್ ಅಂತ ಘೋಷಣೆ. ಆದರೆ ವೀಸಾ ಕೈಗೆ ಬರೋತನಕ ಅವನು ಸೈಡ್‌ಲೈನ್‌ನಲ್ಲಿ ನಿಲ್ಲೋ ಹಾಗಿಲ್ಲ. ಇಲ್ಲಿ ಎಚ್1ಬಿ ಅಂತ ಕಣ್ಣೀರು ಹಾಕಿದವರಿಗೆಲ್ಲ ಅವತ್ತು ಒಂಥರಾ ಸಮಾಧಾನ ಆಯಿತು ಅನ್ನಿ, ರೂನಿಗೂ ಬಿಟ್ಟಿಲ್ಲವಲ್ಲ ಅಂತ.

ಜುಲೈ 31, ನಮ್ಮ ಮೈದಾನ ಆಡಿ ಫೀಲ್ಡ್‌ನಲ್ಲಿ ಒರ್ಲ್ಯಾಂಡೊ ಸಿಟಿ ಎದುರು ಅವನ ಮೊದಲ ಪಂದ್ಯ. ನಾನು, ಹೆಂಡತಿ, ಮಗ ಮೂರೂ ಜನ ಹೋಗಿದ್ದೆವು. ಒಂಬತ್ತನೇ ನಿಮಿಷಕ್ಕೇ ಒಂದು ಗೋಲ್ ಬಿಟ್ಟುಕೊಟ್ಟೆವು. ಆಮೇಲೆ ಎಂಬತ್ತು ನಿಮಿಷ ಬರೀ ಬೆವರು. ಮಗನಿಗೆ ಬೇಜಾರಾಗಿ ಮೊಬೈಲ್ ಕೇಳೋಕೆ ಶುರು ಮಾಡಿದ. ಟ್ರಾಫಿಕ್ ಆಗೋ ಮುಂಚೆ ಹೊರಡೋಣ ಅಂತ ಎದ್ದು ಚಿಪ್ಸ್ ಪ್ಯಾಕೆಟ್ ಮಡಚಿ ಬ್ಯಾಗಿಗೆ ಹಾಕುತ್ತಿದ್ದೆ. ಅಷ್ಟರಲ್ಲಿ 91ನೇ ನಿಮಿಷಕ್ಕೆ ಡರ್ಕಿನ್ ಒಂದು ಹೊಡೆದ, 95ನೇ ನಿಮಿಷಕ್ಕೆ ಫೌಂಟಾಸ್ ಇನ್ನೊಂದು. 2-1. ಬ್ಯಾಗಿನಲ್ಲಿದ್ದ ಚಿಪ್ಸ್ ಎಲ್ಲಾ ಪುಡಿಪುಡಿ, ನಾನೇ ಅದರ ಮೇಲೆ ಕುಣಿದಿದ್ದೆ.

ಆ ಸಂಜೆ ಎಲ್ಲರೂ ಇವನು ದೇವರು ಅಂದುಕೊಂಡೆವು. ಮೂರು ವಾರಕ್ಕೆ ಮತ್ತೆ ಅದೇ ಫಿಲಡೆಲ್ಫಿಯಾ, ನಮ್ಮದೇ ಮೈದಾನ. ಈ ಸಲ 6-0. ಏಳರಿಂದ ಆರಕ್ಕೆ ಇಳಿಸಿದ, ಸುಧಾರಣೆ ಅಂತ ಒಬ್ಬ ಗೆಳೆಯ ಮೆಸೇಜ್ ಹಾಕಿದ್ದ, ಅವನ ನಂಬರ್ ಬ್ಲಾಕ್ ಮಾಡಬೇಕು ಅನ್ನಿಸಿತ್ತು. ಆ ವರ್ಷ 34 ಪಂದ್ಯಕ್ಕೆ 7 ಗೆಲುವು, 27 ಪಾಯಿಂಟ್, ಇಡೀ ಲೀಗ್‌ಗೆ ಕೊನೆ. ಮುಂದಿನ ವರ್ಷ 40 ಪಾಯಿಂಟ್ ಬಂತು, ಆದರೂ ಪ್ಲೇಆಫ್ ಇಲ್ಲ. ಕೊನೇ ಪಂದ್ಯ ಗೆದ್ದ ಬೆನ್ನಿಗೇ ಅವನು ಹೊರಟ.

ಆದರೆ ನನಗೆ ಅವನ ಮೇಲೆ ಸಿಟ್ಟಿಲ್ಲ. ಹೋಗೋ ಮುಂಚೆ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಿಂದ ಸ್ಟ್ರೈಕರ್ ಬೆಂಟೆಕೆಯನ್ನು ತಂದವನು ಅವನೇ. 2024ರಲ್ಲಿ ಅದೇ ಬೆಂಟೆಕೆ 23 ಗೋಲ್ ಹೊಡೆದು ಲೀಗ್‌ಗೇ ಮೊದಲಿಗನಾದ, ಅಷ್ಟೊತ್ತಿಗೆ ಕೋಚ್ ಬೇರೆಯವನಿದ್ದ. ಹೆಸರು ಕೆಲಸಕ್ಕೆ ಬರೋದು ಎಲ್ಲಿ ಅಂದರೆ ಇಲ್ಲಿ. ರೂನಿ ಫೋನ್ ಮಾಡಿದರೆ ಪ್ರೀಮಿಯರ್ ಲೀಗ್‌ನವನು ಫೋನ್ ಎತ್ತುತ್ತಾನೆ. ಬೇರೆ ಯಾರೋ ಮಾಡಿದರೆ ವಾಯ್ಸ್‌ಮೇಲ್.

ಹಲಸೂರು ಲೈನ್‌ಮನ್ ಬರೆದದ್ದು:

ರೂನಿ ಅಂದರೆ ನನಗೆ 2018ರ ಆಗಸ್ಟ್‌ನ ಆ ಒಂದು ಓಟ ಮಾತ್ರ ನೆನಪು. ಒರ್ಲ್ಯಾಂಡೊ ಎದುರು 2-2, ಇಂಜುರಿ ಟೈಮ್, ಡಿಸಿ ಗೋಲಿ (ಗೋಲ್‌ಕೀಪರ್) ಕಾರ್ನರ್‌ಗೆ ಅಂತ ಮುಂದೆ ಹೋಗಿದ್ದಾನೆ, ಹಿಂದೆ ಗೋಲ್ ಖಾಲಿ. ಚೆಂಡು ಎದುರಾಳಿ ಕಾಲಿಗೆ. ರೂನಿ ಅರ್ಧ ಮೈದಾನ ಹಿಂದಕ್ಕೆ ಓಡಿ ಜಾರಿ ಬಿದ್ದು ಚೆಂಡು ಕಸಿದು, ಎದ್ದು, ನಾಲ್ಕು ಹೆಜ್ಜೆ ಇಟ್ಟು, ಅಲ್ಲಿಂದಲೇ ಅಕೋಸ್ಟಾ ತಲೆಗೆ ಕ್ರಾಸ್ ಇಟ್ಟ. 3-2. ಅಂಥ ಕೆಲಸವನ್ನು ಇನ್ನೊಬ್ಬನಿಗೆ ಹೇಳಿಕೊಡೋದು ಹೇಗೆ ಗುರು? ಬೋರ್ಡ್ ಮೇಲೆ ಬಾಣ ಬರೆದು ತೋರಿಸೋಕಾಗುತ್ತಾ? ದೊಡ್ಡ ಆಟಗಾರರು ಕೋಚ್ ಆದಾಗ ಇದೇ ತೊಂದರೆ. ತಮಗೆ ಸುಮ್ನೆ ಬಂದಿದ್ದು ಬೇರೆಯವರಿಗೆ ಯಾಕೆ ಬರಲ್ಲ ಅಂತ ಅವರಿಗೆ ಅರ್ಥವೇ ಆಗಲ್ಲ.

ಎಡಗಾಲಿನವ ಬರೆದದ್ದು:

ಲೈನ್‌ಮನ್ ಅಣ್ಣ, ಇದನ್ನೇ ನಾನೂ ಹೇಳಿದ್ದು. ಭಾವಮೈದ ಏನಂದ ಗೊತ್ತಾ? "ಮಸ್ಕೆರಾನೊ ಮೆಸ್ಸಿ ಥರ ಮಾಂತ್ರಿಕ ಅಲ್ಲ ಭಾವ, ಹಿಂದೆ ನಿಂತು ಎಲ್ಲರಿಗೂ ಕೂಗಿ ಹೇಳುತ್ತಿದ್ದವನು, ಅವನು ಆಡುವಾಗಲೇ ಅರ್ಧ ಕೋಚ್." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯಾರಾದರೂ ಕೊಡಿ.

ಆಫ್‌ಸೈಡ್ ಮಾವ ಬರೆದದ್ದು:

ಮಕ್ಕಳೇ, ನೀವು ಮಾತಾಡುತ್ತಿರೋದು ನಿನ್ನೆ ಮೊನ್ನೆಯ ಕಥೆ. ಇದರ ಮೂಲ ಪುರುಷ ರೂಡ್ ಗುಲಿಟ್. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಗುಲಿಟ್ ಅಂದರೆ ಯಾರು ಅಂತ ಈಗಿನವರಿಗೆ ಗೊತ್ತಿಲ್ಲದಿರಬಹುದು. 1987ರ ಬ್ಯಾಲನ್ ಡಿ'ಓರ್, ಅಂದರೆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ, ಅವನದ್ದು. 1988ರಲ್ಲಿ ಹಾಲೆಂಡ್ ಯುರೋ ಗೆದ್ದಾಗ ಕ್ಯಾಪ್ಟನ್. ಎಸಿ ಮಿಲಾನ್ ಜೊತೆ ಎರಡು ಯುರೋಪಿಯನ್ ಕಪ್. ನಮ್ಮ ಕಾಲದಲ್ಲಿ ಆ ಜಡೆ ಕೂದಲು ನೋಡಿ ಬೆಂಗಳೂರಿನಲ್ಲೂ ಒಂದಿಬ್ಬರು ಹುಡುಗರು ಹಾಗೇ ಬಿಟ್ಟುಕೊಂಡು ಮನೆಯಲ್ಲಿ ಒದೆ ತಿಂದಿದ್ದರು. ಕೋಚ್ ಆಗಿಯೂ ಅವನು ಸೊನ್ನೆ ಅಲ್ಲ. ಚೆಲ್ಸಿಗೆ 1997ರಲ್ಲಿ ಎಫ್‌ಎ ಕಪ್ ಗೆದ್ದುಕೊಟ್ಟ, ಅವರಿಗೆ 26 ವರ್ಷದ ಮೇಲೆ ಬಂದ ದೊಡ್ಡ ಕಪ್ ಅದು.

2007ರ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್ ಗ್ಯಾಲಕ್ಸಿ ಅವನನ್ನು ಕರೆಸಿತು. ಮೂರು ವರ್ಷದ ಒಪ್ಪಂದ. ಆ ಲೀಗ್‌ನಲ್ಲಿ ಅಲ್ಲಿವರೆಗೆ ಯಾವ ಕೋಚ್‌ಗೂ ಅಷ್ಟು ದುಡ್ಡು ಕೊಟ್ಟಿರಲಿಲ್ಲ. ಬೆಕ್‌ಹ್ಯಾಮ್ ಆಗಲೇ ಅಲ್ಲಿದ್ದ, ಅಮೆರಿಕದ ಸ್ಟಾರ್ ಡೊನೊವನ್ ಇದ್ದ. ಪೋಸ್ಟರ್‌ಗೆ ಇನ್ನೇನು ಬೇಕು?

ಈಗ ಲೆಕ್ಕ ನೋಡಿ. ಬೆಕ್‌ಹ್ಯಾಮ್ ಸಂಬಳ ವರ್ಷಕ್ಕೆ 65 ಲಕ್ಷ ಡಾಲರ್. ಇಡೀ ತಂಡಕ್ಕೆ ಲೀಗ್ ಹಾಕಿದ್ದ ಸ್ಯಾಲರಿ ಕ್ಯಾಪ್, ಅಂದರೆ ಸಂಬಳದ ಮಿತಿ, ಸುಮಾರು 23 ಲಕ್ಷ. ಇದು ಹೇಗೆ ಅಂತ ಕೇಳಬೇಡಿ, ಬೆಕ್‌ಹ್ಯಾಮ್‌ಗೆ ಅಂತಲೇ 2007ರಲ್ಲಿ ಹೊಸ ನಿಯಮ ಮಾಡಿದ್ದರು, ಡೆಸಿಗ್ನೇಟೆಡ್ ಪ್ಲೇಯರ್ ಅಂತ. ಅವನ ಸಂಬಳದಲ್ಲಿ ಒಂದು ಚೂರು ಮಾತ್ರ ಕ್ಯಾಪ್ ಲೆಕ್ಕಕ್ಕೆ ಬರುತ್ತೆ, ಮಿಕ್ಕಿದ್ದು ಮಾಲೀಕರ ಜೇಬು. ಅದೇ ಡ್ರೆಸಿಂಗ್ ರೂಮ್‌ನಲ್ಲಿ ಪಕ್ಕದ ಗೂಟಕ್ಕೆ ಬ್ಯಾಗ್ ನೇತುಹಾಕೋ ಹೊಸ ಹುಡುಗನಿಗೆ ವರ್ಷಕ್ಕೆ 12,900 ಡಾಲರ್. ತಿಂಗಳಿಗೆ ಸಾವಿರ ಚಿಲ್ಲರೆ. ಲಾಸ್ ಏಂಜಲಿಸ್‌ನಲ್ಲಿ ಅದಕ್ಕೆ ಒಂದು ರೂಮ್ ಬಾಡಿಗೆಯೂ ಗಿಟ್ಟಲ್ಲ. ಮಿಲಾನ್‌ನಲ್ಲಿ ವಾನ್ ಬಾಸ್ಟನ್, ರೈಕಾರ್ಡ್ ಜೊತೆ ಆಡಿ ಬಂದ ಮನುಷ್ಯನಿಗೆ ಈ ಹುಡುಗರನ್ನು ಇಟ್ಟುಕೊಂಡು ಡಿಫೆನ್ಸ್ ಕಟ್ಟು ಅಂದರೆ ಹೇಗೆ?

ಯುರೋಪಿನಲ್ಲಿ ಕೋಚ್‌ಗೆ ಎಡಗಡೆ ಬ್ಯಾಕ್ ಸರಿಯಿಲ್ಲ ಅಂದರೆ ಇನ್ನೊಬ್ಬನನ್ನು ಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಆಟಗಾರನ ಒಪ್ಪಂದ ಇರೋದೇ ಕ್ಲಬ್ ಜೊತೆ ಅಲ್ಲ, ಲೀಗ್ ಜೊತೆ. ಕಾಲೇಜಿನಿಂದ ಡ್ರಾಫ್ಟ್‌ನಲ್ಲಿ ಹುಡುಗರನ್ನು ಆರಿಸಬೇಕು. ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ತರೋ ಟ್ರೇಡ್ ಮಾಡಬೇಕು. ಸಂಬಳದ ಮಿತಿ ಮೀರಿದ್ದನ್ನು ಸರಿದೂಗಿಸೋಕೆ ಲೀಗ್ ಹಂಚೋ ಅಲೊಕೇಶನ್ ಮನಿ ಅಂತ ಒಂದು ಇದೆ, ಅದು ದುಡ್ಡೂ ಹೌದು, ದುಡ್ಡು ಅಲ್ಲವೂ ಹೌದು, ಮಕ್ಕಳ ಬಿಸಿನೆಸ್ ಆಟದ ನೋಟಿನ ಥರ. ಇದೆಲ್ಲ ಗೊತ್ತಿಲ್ಲದೆ ತಂಡ ಕಟ್ಟೋದು ಅಂದರೆ ರೇಷನ್ ಕಾರ್ಡ್ ಇಲ್ಲದೆ ಸೊಸೈಟಿ ಅಂಗಡಿ ಮುಂದೆ ಕ್ಯೂ ನಿಂತ ಹಾಗೆ. ದುಡ್ಡು ಕೈಯಲ್ಲಿದ್ದರೂ ಅಕ್ಕಿ ಸಿಗಲ್ಲ.

ಫಲಿತಾಂಶ? 2008ರ ಆಗಸ್ಟ್ 11ಕ್ಕೆ ಗುಲಿಟ್ ರಾಜೀನಾಮೆ. ಒಂದು ಸೀಸನ್ ಕೂಡ ಪೂರ್ತಿ ಇಲ್ಲ. ಕೊನೇ ಏಳು ಪಂದ್ಯದಲ್ಲಿ ಒಂದೂ ಗೆದ್ದಿರಲಿಲ್ಲ. ಅದೇ ದಿನ ಜನರಲ್ ಮ್ಯಾನೇಜರ್ ಅಲೆಕ್ಸಿ ಲಾಲಾಸ್‌ಗೂ ಗೇಟ್ ಪಾಸ್. ತಮಾಷೆ ಏನು ಅಂದರೆ ಆ ವರ್ಷ ಡೊನೊವನ್ 20 ಗೋಲ್ ಹೊಡೆದು ಲೀಗ್‌ಗೇ ಮೊದಲಿಗ. ಆದರೂ ಪ್ಲೇಆಫ್ ಇಲ್ಲ. ಮುಂದೆ ಸುರಿದಷ್ಟೂ ಹಿಂದೆ ಸೋರಿ ಹೋಯಿತು.

ಅವನ ಜಾಗಕ್ಕೆ ಬಂದವನು ಬ್ರೂಸ್ ಅರೀನಾ. ಯುರೋಪಿನಲ್ಲಿ ಅವನ ಹೆಸರು ಹೇಳಿದರೆ ಯಾರು ಅಂತ ಕೇಳುತ್ತಾರೆ. ಆದರೆ ಅಮೆರಿಕದ ಕಾಲೇಜು ಫುಟ್‌ಬಾಲ್, ಡಿಸಿ ಯುನೈಟೆಡ್, ರಾಷ್ಟ್ರೀಯ ತಂಡ ಎಲ್ಲಾ ಅರೆದು ಕುಡಿದವನು. ಮುಂದಿನ ವರ್ಷವೇ ಫೈನಲ್. ಆಮೇಲೆ 2011, 2012, 2014, ಮೂರು ಕಪ್. ಅದೇ ಬೆಕ್‌ಹ್ಯಾಮ್, ಅದೇ ಡೊನೊವನ್ ಇಟ್ಟುಕೊಂಡೇ ಮೊದಲೆರಡು ಗೆದ್ದದ್ದು. 2009ರ ಫೈನಲ್‌ನಲ್ಲಿ ಅವನನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದು ಯಾರು ಅಂದರೆ ಸಾಲ್ಟ್ ಲೇಕ್‌ನ ಜೇಸನ್ ಕ್ರೈಸ್. ಅವನೂ ಹಳೇ ಸ್ಟಾರ್ ಆಟಗಾರನೇ, ಆದರೆ ಆ ಲೀಗ್‌ನಲ್ಲೇ ಬೆಳೆದ ಸ್ಟಾರ್.

ಹಾಗಾಗಿ ನನ್ನ ತೀರ್ಪು: ಸ್ಟಾರ್ ಆಗಿದ್ದನಾ ಅನ್ನೋದು ಪ್ರಶ್ನೆಯೇ ಅಲ್ಲ. ಆ ಊರಿನ ಲೆಕ್ಕ ಪುಸ್ತಕ ಓದೋಕೆ ಬರುತ್ತಾ ಅನ್ನೋದು ಪ್ರಶ್ನೆ.

ಮಿಡ್‌ಫೀಲ್ಡ್ ಮೂರ್ತಿ ಬರೆದದ್ದು:

ಮಾವ, ಚೆನ್ನಾಗಿ ಬರೆದಿದ್ದೀರಿ, ಆದರೆ ಅರ್ಧ ಕಥೆ ಬಿಟ್ಟಿದ್ದೀರಿ. ಅದೇ ಜೇಸನ್ ಕ್ರೈಸ್, ಲೀಗ್‌ನ ಲೆಕ್ಕ ಪುಸ್ತಕ ಬಾಯಿಪಾಠ ಇದ್ದವನು, 2015ರಲ್ಲಿ ನ್ಯೂಯಾರ್ಕ್ ಸಿಟಿ ತಂಡಕ್ಕೆ ಕೋಚ್ ಆದ. ಒಂದೇ ಸೀಸನ್‌ಗೆ ಮನೆಗೆ ಕಳಿಸಿದರು. ಅವನ ಜಾಗಕ್ಕೆ ಬಂದಿದ್ದು ಯಾರು? ಪ್ಯಾಟ್ರಿಕ್ ವಿಯೆರಾ. ವಿಶ್ವಕಪ್ ಗೆದ್ದವನು, ಆರ್ಸೆನಲ್ ಕ್ಯಾಪ್ಟನ್, ಎಂಎಲ್‌ಎಸ್ ಬಗ್ಗೆ ಗಂಧಗಾಳಿ ಇಲ್ಲದವನು. ಅವನ ಮೊದಲ ವರ್ಷ ಸ್ವಂತ ಮೈದಾನದಲ್ಲೇ ಪಕ್ಕದ ಊರಿನ ರೆಡ್ ಬುಲ್ಸ್ ಎದುರು 7-0 ಸೋತರು. ಅದೂ ಯಾಂಕೀ ಸ್ಟೇಡಿಯಂನಲ್ಲಿ, ಬೇಸ್‌ಬಾಲ್ ಮೈದಾನದಲ್ಲಿ ಗೆರೆ ಎಳೆದುಕೊಂಡು ಆಡೋ ಜಾಗ ಅದು. ಆದರೂ ಆ ವರ್ಷ ಪೂರ್ವ ವಿಭಾಗದಲ್ಲಿ ಎರಡನೇ ಸ್ಥಾನ, ಮುಂದಿನ ವರ್ಷವೂ ಎರಡನೇ ಸ್ಥಾನ. 2018ರಲ್ಲಿ ಫ್ರಾನ್ಸ್‌ನ ನೀಸ್ ಕ್ಲಬ್ ಕರೆದುಕೊಂಡು ಹೋಯಿತು.

ವ್ಯತ್ಯಾಸ ಎಲ್ಲಿ? ವಿಯೆರಾ ಅದಕ್ಕೂ ಮುಂಚೆ ಮ್ಯಾಂಚೆಸ್ಟರ್ ಸಿಟಿಯ ಯುವ ತಂಡಕ್ಕೆ ಎರಡು ವರ್ಷ ಕೋಚ್ ಆಗಿದ್ದ. ನ್ಯೂಯಾರ್ಕ್ ಸಿಟಿಯೂ ಅದೇ ಮಾಲೀಕರದ್ದು. ಲೆಕ್ಕ ಪುಸ್ತಕ ನೋಡೋಕೆ ಅಲ್ಲಿ ಬೇರೆ ಜನ ಇದ್ದರು, ಇವನು ಮೈದಾನ ನೋಡಿಕೊಂಡ. ಗುಲಿಟ್‌ಗೆ ಅಂಥ ಹಿಂಬದಿ ಇರಲಿಲ್ಲ.

ಮಯಾಮಿಯಲ್ಲೇ ನೋಡಿ. ಕ್ಲಬ್‌ನ ಮಾಲೀಕರಲ್ಲಿ ಒಬ್ಬನಾದ ಬೆಕ್‌ಹ್ಯಾಮ್ ತನ್ನ ಹಳೇ ಗೆಳೆಯ ಫಿಲ್ ನೆವಿಲ್‌ನನ್ನು 2021ರಲ್ಲಿ ಕೋಚ್ ಮಾಡಿದ. ಅವನು ಬಂದು ಕುರ್ಚಿ ಬಿಸಿ ಆಗೋ ಮುಂಚೆ ಲೀಗ್‌ನಿಂದ ಕ್ಲಬ್‌ಗೆ 20 ಲಕ್ಷ ಡಾಲರ್ ದಂಡ, ಅಲೊಕೇಶನ್ ಮನಿ ಕಡಿತ ಬೇರೆ. ಹಿಂದಿನ ವರ್ಷ ಮಟುಯಿಡಿ ಅನ್ನೋ ಆಟಗಾರನ ಸಂಬಳವನ್ನು ಸರಿಯಾಗಿ ತೋರಿಸಿರಲಿಲ್ಲ, ಮೂರು ಡೆಸಿಗ್ನೇಟೆಡ್ ಪ್ಲೇಯರ್ ಇರಬೇಕಾದ ಕಡೆ ಲೆಕ್ಕದಲ್ಲಿ ಜಾಸ್ತಿ ಆಗಿತ್ತು. ತಪ್ಪು ಆಫೀಸಿನದ್ದು, ಏಟು ಕೋಚ್‌ಗೆ. 2023ರ ಜೂನ್ 1ಕ್ಕೆ ನೆವಿಲ್ ಮನೆಗೆ. ಮೆಸ್ಸಿ ಮಯಾಮಿಗೆ ಬರುತ್ತೇನೆ ಅಂದಿದ್ದು ಆಮೇಲೆ ಒಂದು ವಾರಕ್ಕೆ. ಅದೃಷ್ಟ ಅಂದರೆ ಹೀಗೂ ಇರುತ್ತೆ.

ಸ್ಯಾನ್ ಹೋಸೆ ಸೋಮಾರಿ ಬರೆದದ್ದು:

ನಾನು ಬೇ ಏರಿಯಾದಲ್ಲಿರೋದು. ನಮ್ಮ ಅರ್ತ್‌ಕ್ವೇಕ್ಸ್ ತಂಡಕ್ಕೂ ಒಬ್ಬ ಬಂದಿದ್ದ, ಮತಿಯಾಸ್ ಅಲ್ಮೇಡಾ. ಅರ್ಜೆಂಟಿನಾದ ಹಳೇ ಮಿಡ್‌ಫೀಲ್ಡರ್, ಲಾಜಿಯೊದಲ್ಲಿ ಇಟಲಿಯ ಲೀಗ್ ಗೆದ್ದವನು. 2019ರಿಂದ 2022ರ ಏಪ್ರಿಲ್ ತನಕ ಇದ್ದ. ಅವನದ್ದು ಒಂದೇ ಹಟ: ಮೈದಾನದ ತುಂಬಾ ಒಬ್ಬನಿಗೆ ಒಬ್ಬ. ಅಂದರೆ ನೀವು ನಿಮ್ಮವನ ಹಿಂದೆ ಹೋಗಿ, ಅವನು ನೀರು ಕುಡಿಯೋಕೆ ಹೋದರೂ ಹೋಗಿ. ಈಗಿನ ಕಾಲದಲ್ಲಿ ಹಾಗೆ ಆಡಿಸೋರು ತುಂಬಾ ಕಡಿಮೆ.

ಮೊದಲ ನಾಲ್ಕು ಪಂದ್ಯ ನಾಲ್ಕೂ ಸೋಲು. ನಾಲ್ಕನೆಯದ್ದು ಲಾಸ್ ಏಂಜಲಿಸ್‌ನ ಇನ್ನೊಂದು ತಂಡ ಎಲ್‌ಎಎಫ್‌ಸಿ ಎದುರು 5-0, ನಾನು ಅಲ್ಲೇ ಇದ್ದೆ. ಒಬ್ಬ ತಪ್ಪಿಸಿಕೊಂಡ ಅಂದರೆ ಮುಗಿಯಿತು, ಹಿಂದೆ ಯಾರೂ ಇಲ್ಲ, ಪೂರ್ತಿ ಹೈವೇ. ಆಮೇಲೆ ಹುಡುಗರಿಗೆ ಅದು ಒಗ್ಗಿತು, ಗೆಲ್ಲೋಕೆ ಶುರು ಮಾಡಿದರು, ನೋಡೋಕೆ ಅಂಥ ಮಜಾ ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಸುಸ್ತಾದರು. ಪ್ಲೇಆಫ್ ಕೈಗೆ ಬಂದಿದ್ದು ತಪ್ಪಿತು. 2020ರಲ್ಲಿ ಸಿಯಾಟಲ್ ಎದುರು 7-1 ಸೋತ ತಂಡವೇ ಹೇಗೋ ಪ್ಲೇಆಫ್‌ಗೆ ತೂರಿಕೊಂಡು, ಕಾನ್ಸಾಸ್ ಸಿಟಿ ಎದುರು ವೊಂಡೊಲೊವ್‌ಸ್ಕಿ 97ನೇ ನಿಮಿಷಕ್ಕೆ ಸಮ ಮಾಡಿ, ಪೆನಾಲ್ಟಿಯಲ್ಲಿ ಸೋತಿತು.

ಇಲ್ಲಿ ಹೊರಗಿನಿಂದ ಬಂದವರಿಗೆ ಗೊತ್ತಾಗದೇ ಇರೋದು ದೂರ ಮತ್ತು ಬಿಸಿಲು. ಯುರೋಪಿನಲ್ಲಿ ಪಕ್ಕದ ಊರಿಗೆ ಬಸ್ಸಲ್ಲಿ ಹೋಗಿ ರಾತ್ರಿ ಮನೆಗೆ ಬಂದು ಮಲಗುತ್ತಾರೆ. ಇಲ್ಲಿ ಮಯಾಮಿಯಿಂದ ವ್ಯಾಂಕೂವರ್‌ಗೆ ಸುಮಾರು 4,500 ಕಿಲೋಮೀಟರ್, ಬೆಂಗಳೂರು ದೆಹಲಿ ವಿಮಾನದ ದಾರಿಯ ಎರಡೂವರೆ ಪಟ್ಟು. ಮೂರು ಗಂಟೆ ಟೈಮ್ ವ್ಯತ್ಯಾಸ ಬೇರೆ. ಒಂದು ವಾರ ಟೆಕ್ಸಸ್‌ನ ಜುಲೈ ಬಿಸಿಲು, ಮುಂದಿನ ವಾರ ಸಿಯಾಟಲ್‌ನ ಪ್ಲಾಸ್ಟಿಕ್ ಹುಲ್ಲು. ಅಂಥ ಕಡೆ 90 ನಿಮಿಷ ಎದುರಾಳಿಯ ಬೆನ್ನು ಹತ್ತು ಅಂದರೆ ಯಾರ ಕಾಲು ಉಳಿಯುತ್ತೆ?

ಹಲಸೂರು ಲೈನ್‌ಮನ್ ಬರೆದದ್ದು:

ಅಮೆರಿಕ ಬಿಡಿ, ನಮ್ಮ ಇಂಡಿಯನ್ ಸೂಪರ್ ಲೀಗ್, ಐಎಸ್‌ಎಲ್, ಮರೆತರಾ? ಶುರುವಿನ ವರ್ಷಗಳಲ್ಲಿ ಎಲ್ಲರೂ ಇದನ್ನೇ ಮಾಡಿದ್ದು. ಗೋವಾಕ್ಕೆ ಜಿಕೊ, ದೆಹಲಿಗೆ ರೊಬರ್ಟೊ ಕಾರ್ಲೊಸ್, ಚೆನ್ನೈಗೆ ಮಟೆರಾಜ್ಜಿ. 2015ರ ಫೈನಲ್ ಜಿಕೊ ವಿರುದ್ಧ ಮಟೆರಾಜ್ಜಿ. 87ನೇ ನಿಮಿಷಕ್ಕೆ ಗೋವಾ 2-1 ಮುಂದೆ. ಆಮೇಲೆ ಗೋಲಿ ಕೈಯಿಂದಲೇ ಒಂದು ಒಳಗೆ ಹೋಯಿತು, ಮೆಂಡೋಜಾ ಇನ್ನೊಂದು ಹೊಡೆದ, ಚೆನ್ನೈ 3-2. ಇದರಲ್ಲಿ ಯಾವ ಕೋಚ್ ಬುದ್ಧಿವಂತ ಅಂತ ಹೇಳ್ತೀರಿ?

ಇನ್ನೊಂದು. ಕೋಲ್ಕತ್ತಾದ ಎಟಿಕೆ 2017ರಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್‌ನನ್ನು ತಂದಿತು. ಮ್ಯಾಂಚೆಸ್ಟರ್ ಯುನೈಟೆಡ್‌ಗೆ 1999ರ ಫೈನಲ್‌ನಲ್ಲಿ ಇಂಜುರಿ ಟೈಮ್ ಗೋಲ್ ಹೊಡೆದವನು. 2018ರ ಜನವರಿಗೇ ತೆಗೆದುಹಾಕಿದರು. ಆಗ ತಂಡ ನೋಡಿಕೋ ಅಂತ ಯಾರಿಗೆ ಹೇಳಿದರು ಗೊತ್ತಾ? ಆಶ್ಲಿ ವೆಸ್ಟ್‌ವುಡ್‌ಗೆ. ನಮ್ಮ ಬೆಂಗಳೂರು ಎಫ್‌ಸಿಯ ಮೊದಲ ಕೋಚ್, ಎರಡು ಐ-ಲೀಗ್ ಗೆದ್ದುಕೊಟ್ಟವನು. ಆಟಗಾರನಾಗಿ ಅವನ ಪೋಸ್ಟರ್ ಯಾರ ಗೋಡೆ ಮೇಲೂ ಇರಲಿಲ್ಲ. ಕಂಠೀರವದಲ್ಲಿ ವೆಸ್ಟ್ ಬ್ಲಾಕ್‌ನವರು ಅವನ ಹೆಸರು ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

ಪಿಟಿ ಮಿಸ್ ಬರೆದದ್ದು:

ಇಷ್ಟೊತ್ತು ಎಲ್ಲರೂ ಸೋತವರ ಬಗ್ಗೆಯೇ ಬರೆದಿದ್ದೀರಿ. ಕೇಳಿದ ಪ್ರಶ್ನೆ ಮಸ್ಕೆರಾನೊ ಬಗ್ಗೆ. ನಾನು ಮಡಿಕೇರಿ ಹತ್ತಿರದ ಒಂದು ಶಾಲೆಯಲ್ಲಿ ಪಿಟಿ ಟೀಚರ್, ಹುಡುಗಿಯರ ಫುಟ್‌ಬಾಲ್ ತಂಡ ನೋಡಿಕೊಳ್ಳುತ್ತೇನೆ. ನನಗೆ ಕಂಡಿದ್ದು ಹೇಳುತ್ತೇನೆ.

ಆ ವರ್ಷ ಅವನಿಗೆ ಹೂವಿನ ಹಾಸಿಗೆ ಏನೂ ಇರಲಿಲ್ಲ. ವಸಂತಕಾಲದಲ್ಲಿ ಉತ್ತರ ಅಮೆರಿಕದ ಕ್ಲಬ್‌ಗಳ ಕಾನ್‌ಕಕ್ಯಾಫ್ ಕಪ್ ಸೆಮಿಫೈನಲ್‌ನಲ್ಲಿ ವ್ಯಾಂಕೂವರ್ ಎದುರು ಎರಡೂ ಪಂದ್ಯ ಸೇರಿ 5-1ರಿಂದ ಸೋತರು. ಕ್ಲಬ್ ವಿಶ್ವಕಪ್‌ನಲ್ಲಿ ಪೋರ್ಟೊವನ್ನು 2-1 ಸೋಲಿಸಿ ಹೆಸರು ಮಾಡಿದರು, ಆಮೇಲೆ ಪಿಎಸ್‌ಜಿ 4-0 ಬಾರಿಸಿತು. ಆಗಸ್ಟ್ ಕೊನೆಗೆ ಎಂಎಲ್‌ಎಸ್, ಮೆಕ್ಸಿಕೊ ತಂಡಗಳು ಆಡೋ ಲೀಗ್ಸ್ ಕಪ್ ಫೈನಲ್‌ನಲ್ಲಿ ಸಿಯಾಟಲ್ ಎದುರು 3-0 ಸೋಲು. ಪಂದ್ಯ ಮುಗಿದ ಮೇಲೆ ಸುವಾರೆಜ್ ಎದುರಾಳಿ ಸಿಬ್ಬಂದಿಯ ಮೇಲೆ ಉಗುಳಿ ನಿಷೇಧ ಹಾಕಿಸಿಕೊಂಡ. ಆಗ ಎಲ್ಲರೂ ಇದನ್ನೇ ಅಂದಿದ್ದು, ಇವನು ಮೆಸ್ಸಿಯ ಗೆಳೆಯ ಅಂತ ಬಂದವನು, ಇವನಿಗೇನು ಗೊತ್ತು ಅಂತ.

ಪ್ಲೇಆಫ್ ಬಂತು. ನ್ಯಾಶ್‌ವಿಲ್ ಎದುರು ಮೂರು ಪಂದ್ಯದ ಸುತ್ತು. ಎರಡನೇ ಪಂದ್ಯದಲ್ಲಿ ಸುವಾರೆಜ್ ಒಬ್ಬನಿಗೆ ಕಾಲಲ್ಲಿ ಒದ್ದ, ಮೂರನೆಯದಕ್ಕೆ ಸಸ್ಪೆಂಡ್. ಅವನಿಲ್ಲದೆ ಆಡಿದರು, ಸಿಲ್ವೆಟ್ಟಿ ಅನ್ನೋ 19 ವರ್ಷದ ಹುಡುಗನನ್ನು ಹಾಕಿದರು, 4-0 ಗೆದ್ದರು. ಇಲ್ಲಿಯವರೆಗೆ ಏನೂ ವಿಶೇಷ ಇಲ್ಲ. ವಿಶೇಷ ಇರೋದು ಮುಂದಿನ ಪಂದ್ಯಕ್ಕೆ. ಸಿನ್ಸಿನಾಟಿ ಎದುರು ಸುವಾರೆಜ್ ವಾಪಸ್ ಬಂದ. ಮಸ್ಕೆರಾನೊ ಅವನನ್ನು ಬೆಂಚಿನಲ್ಲಿ ಕೂರಿಸಿದ.

ಸ್ವಲ್ಪ ಯೋಚನೆ ಮಾಡಿ. ಸುವಾರೆಜ್ ಅವನ ಜೊತೆ ಬಾರ್ಸಿಲೋನಾದಲ್ಲಿ ವರ್ಷಗಟ್ಟಲೆ ಆಡಿದವನು. ಮೆಸ್ಸಿಯ ಪ್ರಾಣಸ್ನೇಹಿತ. ಮೂರು ಮನೆಯವರೂ ಒಟ್ಟಿಗೆ ಊಟ ಮಾಡೋ ಪೈಕಿ. ಆ ಮನುಷ್ಯನನ್ನು ನೀನು ಇವತ್ತು ಬೇಡ ಅನ್ನಬೇಕು. ಅವನ ಜಾಗದಲ್ಲಿ ಓಡೋ ಹುಡುಗರನ್ನು ನಂಬಬೇಕು. ಸಿನ್ಸಿನಾಟಿ 4-0, ನ್ಯೂಯಾರ್ಕ್ ಸಿಟಿ 5-1, ಫೈನಲ್ 3-1. ಮಯಾಮಿಯ ಅಲೆಂಡೆ ಒಬ್ಬನೇ ಆ ಪ್ಲೇಆಫ್‌ನಲ್ಲಿ 9 ಗೋಲ್ ಹೊಡೆದ. ಫೈನಲ್‌ನಲ್ಲೂ ಸುವಾರೆಜ್ ಶುರುವಿನ ಹನ್ನೊಂದರಲ್ಲಿ ಇರಲಿಲ್ಲ. ಗೋಲಿಯನ್ನೂ ಬದಲಾಯಿಸಿದ್ದ ಅಲ್ವಾ, ಉಸ್ತಾರಿ ಮೆಸ್ಸಿಯ ಹಳೇ ಜೊತೆಗಾರ, ಅವನನ್ನು ಬಿಟ್ಟು ರಿಯೋಸ್ ನೋವೊನನ್ನು ನಿಲ್ಲಿಸಿದ. ಬೀದಿ ಹಾಲಿನವನ ಕೈಲಿ ಇದು ಆಗುತ್ತಿತ್ತಾ ಎಡಗಾಲಿನವರೇ?

ಹೋದ ವರ್ಷ ತಾಲ್ಲೂಕು ಮಟ್ಟದ ಪಂದ್ಯದ ದಿನ ನಾನು ನಮ್ಮ ಕ್ಯಾಪ್ಟನ್ ಹುಡುಗಿಯನ್ನು ಹೊರಗೆ ಕೂರಿಸಬೇಕಾಯಿತು. ಹಿಂದಿನ ವಾರ ಕಾಲು ಉಳುಕಿತ್ತು, ನಡೆಯುವಾಗ ಎಡಗಾಲು ಎಳೆಯುತ್ತಿದ್ದಳು, ಕೇಳಿದರೆ ಏನೂ ಇಲ್ಲ ಮಿಸ್ ಅನ್ನುತ್ತಿದ್ದಳು. ಅವಳು ಜರ್ಸಿ ಬಿಚ್ಚಲಿಲ್ಲ, ಮೇಲೆ ಸ್ವೆಟರ್ ಹಾಕಿಕೊಂಡು ನನ್ನ ಪಕ್ಕದ ಬೆಂಚಿನಲ್ಲಿ ಕೂತಳು, ಇಡೀ ಪಂದ್ಯ ನನ್ನ ಮುಖ ನೋಡಲಿಲ್ಲ. ಶೂ ಲೇಸ್ ಕಟ್ಟೋದು, ಬಿಚ್ಚೋದು, ಮತ್ತೆ ಕಟ್ಟೋದು. ಅವಳಮ್ಮ ಗೇಟಿನ ಹತ್ತಿರ ನಿಂತಿದ್ದರು. ಸಾಯಂಕಾಲ ಅವರಿಗೆ ಉತ್ತರ ಕೊಡೋದು ಪಂದ್ಯ ಆಡಿಸೋದಕ್ಕಿಂತ ಕಷ್ಟ ಆಯಿತು. ಹದಿಮೂರು ವರ್ಷದ ಹುಡುಗಿ ವಿಷಯದಲ್ಲೇ ನನಗೆ ಹಾಗಾದರೆ, ಸುವಾರೆಜ್‌ಗೆ ಹೇಳೋದು ಹೇಗಿರಬೇಕು? ಇಲ್ಲಿ ದೊಡ್ಡ ಹೆಸರು ಬೇಕು ಅಂತ ನನಗೂ ಅನ್ನಿಸುತ್ತೆ. ಇನ್ಯಾರೋ ಹೇಳಿದ್ದರೆ ಆ ಡ್ರೆಸಿಂಗ್ ರೂಮ್ ಎರಡು ಹೋಳಾಗುತ್ತಿತ್ತು.

ಆಫ್‌ಸೈಡ್ ಮಾವ ಬರೆದದ್ದು:

ಮಿಸ್, ಇದನ್ನು ಒಪ್ಪಿದೆ. ಆದರೆ ಒಂದು ಸಣ್ಣ ಬಾಲಂಗೋಚಿ. ಆ ಬೇಸಿಗೆಯಲ್ಲಿ ಅರ್ಜೆಂಟಿನಾದ ಮಿಡ್‌ಫೀಲ್ಡರ್ ಡಿ ಪಾಲ್ ಮಯಾಮಿಗೆ ಬಂದನಲ್ಲ, ಮೂರು ಡೆಸಿಗ್ನೇಟೆಡ್ ಜಾಗ ಮೆಸ್ಸಿ, ಬುಸ್ಕೆಟ್ಸ್, ಆಲ್ಬಾಗೆ ತುಂಬಿಹೋಗಿತ್ತು. ಅದಕ್ಕೆ ಮೊದಲು ಲೋನ್ ಅಂತ ತಂದು ಆ ಜಾಗದ ಲೆಕ್ಕದಿಂದ ಹೊರಗಿಟ್ಟರು. ಫೈನಲ್‌ನಲ್ಲಿ ಗೆಲುವಿನ ಗೋಲ್ ಹೊಡೆದಿದ್ದು ಅವನೇ. ಕೋಚ್ ಮೈದಾನ ನೋಡಿಕೊಂಡ, ಲೆಕ್ಕ ಪುಸ್ತಕದವರು ಲೆಕ್ಕ ನೋಡಿಕೊಂಡರು. ನನ್ನ ಮಾತು ಪೂರ್ತಿ ಸುಳ್ಳಾಗಲಿಲ್ಲ ನೋಡಿ.

ಪೊಟೊಮ್ಯಾಕ್ ದಡ ಬರೆದದ್ದು:

ನಮಗೂ ಒಬ್ಬ ಲೆಕ್ಕ ಪುಸ್ತಕದವನನ್ನು ಕಳಿಸಿಕೊಡಿ ಮಾವ.

ಎಡಗಾಲಿನವ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಪೂರ್ತಿ ಓದಿ ಹೇಳಿದೆ. ಗುಲಿಟ್ ಕಥೆಗೆ ಭಾವಮೈದ ಸುಮ್ಮನೆ ಕೂತಿದ್ದ, ನಾನು ಗೆದ್ದೆ ಅಂದುಕೊಂಡೆ. ಪಿಟಿ ಮಿಸ್ ಬರೆದಿದ್ದು ಬಂದ ತಕ್ಷಣ ಎದ್ದು ನಿಂತು ನನ್ನ ಹೆಂಡತಿಯನ್ನೂ ಕರೆದು ಇನ್ನೊಂದು ಸಲ ಜೋರಾಗಿ ಓದಿಸಿದ. ಹಾಲಿನವನ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಮಿಸ್, ಆ ಪಂದ್ಯ ಏನಾಯಿತು ಅಂತ ನೀವು ಬರೆಯಲೇ ಇಲ್ಲವಲ್ಲ, ಅವನು ಅದನ್ನೇ ಕೇಳುತ್ತಿದ್ದಾನೆ.

ಪಿಟಿ ಮಿಸ್ ಬರೆದದ್ದು:

2-1 ಸೋತೆವು. ಮುಂದಿನ ಪಂದ್ಯಕ್ಕೆ ಅವಳೇ ಕ್ಯಾಪ್ಟನ್.